ನೆರಳಿನ ಗ್ಯಾಲರಿಯಲ್ಲಿ ಹಾರಿದ ಭಂಡಾರ

ಅಧ್ಯಕ್ಷ ಸ್ಥಾನದಲ್ಲಿರುವ ಹಿರಿಯರಾದ ವರ್ಧಮಾನ ಅಣ್ಣಾ ಅವರೇ, ಅರಭಾವಿಯ ತೋಟಗಾರಿಕೆ ಕಾಲೇಜಿನಿಂದ ಬಿಡುವು ಮಾಡಿಕೊಂಡು ಬಂದ ಮುಖ್ಯ ಅತಿಥಿಗಳಾದ ಅಶೋಕ ಸರ್ ಅವರೇ, ಗೋಕಾಕ ಫುಟ್‌ಬಾಲ್ ಅಭಿಮಾನಿ ಬಳಗದ ಪದಾಧಿಕಾರಿಗಳೇ, ಮೂಡಲಗಿಯಿಂದ ಡೊಳ್ಳು ಹೊತ್ತು ಬಂದ ಲಗಮಣ್ಣ ಮತ್ತು ಸಂಗಡಿಗರೇ, ಮುಂದಿನ ಸಾಲಿನ ಅಕ್ಕತಂಗಿಯರೇ, ಬಾಗಿಲಲ್ಲಿ ನಿಂತು ಊಟ ಯಾವಾಗ ಎಂದು ನೋಡುತ್ತಿರುವ ಸಭಿಕರೇ,

ಒಳಗ ಬರ್ರಿ, ಮುಂದ ಸರೀರಿ, ಮುಂದ ಜಾಗಾ ಐತಿ. ಕ್ಷಮಿಸಬೇಕು. ಗೋಕಾಕ-ಹುಕ್ಕೇರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ಜೀವಮಾನ ಕಳೆದವನು ನಾನು. ನಾಲ್ಕು ಜನ ಬಾಗಿಲಲ್ಲಿ ನಿಂತದ್ದು ಕಂಡರೆ ನನ್ನ ಬಾಯಿ ಸುಮ್ಮನಿರುವುದಿಲ್ಲ. ಅಣ್ಣಾ ಅವರು ಬೆಳಿಗ್ಗೆಯೇ ಹೇಳಿದ್ದರು, “ಶಿದ್ರಾಮ, ಸಭಾದಾಗ ಶುದ್ಧ ಮಾತಾಡಪಾ, ಬಸ್ಸಿನ್ಯಾಗ ಒದರಿದಂಗ ಒದರಬ್ಯಾಡ” ಎಂದು. ಆಗಲಿ. ಇನ್ನು ಮೇಲೆ ಶುದ್ಧವಾಗಿಯೇ ಮಾತಾಡುತ್ತೇನೆ.

ಇಂದು ನಮ್ಮ ಬಳಗದ ವಾರ್ಷಿಕೋತ್ಸವ. ಕಾರ್ಯದರ್ಶಿಯಾದ ನನಗೆ ಒಪ್ಪಿಸಿರುವ ಕೆಲಸ ಒಂದೇ. ನಾನು ಒಂದು ಠರಾವು ಮಂಡಿಸಬೇಕು, ನೀವು ಕೈ ಎತ್ತಬೇಕು, ಆಮೇಲೆ ಊಟ. ಠರಾವು ಏನೆಂದರೆ, “ಮುಂದಿನ ವರ್ಷದಿಂದ ನಮ್ಮ ಮೈದಾನದ ನೆರಳಿನ ಗ್ಯಾಲರಿಯ ಟಿಕೆಟ್ಟನ್ನು ಗೋಕಾಕದಲ್ಲಿ ಹುಟ್ಟಿದವರಿಗೆ ಮಾತ್ರ ಕೊಡತಕ್ಕದ್ದು.” ಬರೆದವನು ನಾನೇ. ‘ತಕ್ಕದ್ದು’ ಎಂದು ಬರೆದಾಗ ನನಗೇ ಸ್ವಲ್ಪ ತೂಕ ಬಂದಂತೆ ಅನ್ನಿಸಿತ್ತು.

ಅಶೋಕ ಸರ್ ಅವರಿಗೆ ಹಿನ್ನೆಲೆ ಹೇಳಬೇಕು. ನಮ್ಮಲ್ಲಿ ಘಟಪ್ರಭಾ ಚಷಕದ ಫೈನಲ್ ಎಂದರೆ ಹೆಚ್ಚುಕಡಿಮೆ ಗೋಕಾಕ ಮತ್ತು ಹುಕ್ಕೇರಿಯದೇ. ಆಟ ನಡೆಯುವುದು ನಮ್ಮ ಮೈದಾನದಲ್ಲಿ, ಮಧ್ಯಾಹ್ನದ ಮೇಲೆ. ಸೂರ್ಯ ಬೆನ್ನಿಗೆ ಬರುವ ದೊಡ್ಡ ಗ್ಯಾಲರಿ ನಮಗೆ. ಬಿಸಿಲು ನೇರ ಕಣ್ಣಿಗೆ ಹೊಡೆಯುವ ಸಣ್ಣ ಗ್ಯಾಲರಿ ಹುಕ್ಕೇರಿಯವರಿಗೆ. ಇದರಲ್ಲಿ ಅನ್ಯಾಯವಿದೆಯೇ? ಇಲ್ಲ. ಅತಿಥಿಗಳಿಗೆ ಬೆಳಕು ಹೆಚ್ಚು ಇರಲಿ ಎಂಬ ಸದುದ್ದೇಶ ಅಷ್ಟೇ.

ಆದರೆ ಆ ಸಣ್ಣ ಗ್ಯಾಲರಿ ಬೇಗ ತುಂಬುತ್ತದೆ. ತುಂಬಿದ ಮೇಲೆ ಹುಕ್ಕೇರಿಯವರು ಏನು ಮಾಡುತ್ತಾರೆ? ಮನೆಗೆ ಹೋಗುತ್ತಾರೆಯೇ? ಹೋಗುವುದಿಲ್ಲ. ಸಾವಕಾಶವಾಗಿ ನಮ್ಮ ಕಿಟಕಿಗೆ ಬಂದು, ನಮ್ಮ ಗ್ಯಾಲರಿಯ ಟಿಕೆಟ್ ಕೊಂಡು, ನಮ್ಮ ನಡುವೆಯೇ ಕೂರುತ್ತಾರೆ. ಬಾಯಲ್ಲಿ ಇಷ್ಟು ದೊಡ್ಡ ಕರದಂಟಿನ ತುಂಡು. ಅದೇಕೆ? ಅವರ ಕಡೆಯವನು ಚೆಂಡು ತೆಗೆದುಕೊಂಡು ಓಡಿದಾಗ ಬಾಯಿಂದ ಕೂಗು ಹೊರಬೀಳಬಾರದು ಎಂದು. ಗೋಕಾಕದ ಕರದಂಟು ಹಲ್ಲಿಗೆ ಅಂಟಿತೆಂದರೆ ಜಯಕಾರವಿರಲಿ, ಉಸಿರೂ ಹೊರಬರುವುದಿಲ್ಲ. ನಮ್ಮದೇ ಕರದಂಟು, ನಮ್ಮದೇ ನೆರಳು, ಜೀವ ಮಾತ್ರ ಹುಕ್ಕೇರಿಯದು. ಬಟ್ಟೆ ಅಂಗಡಿಯ ಧನ್ಯಕುಮಾರ ಅವರು ಅಲ್ಲಿ ನಗುತ್ತಿದ್ದಾರೆ. ನಗಲಿ. ಅವರ ವಿಷಯಕ್ಕೆ ಬರುತ್ತೇನೆ.

ನಮ್ಮ ಗ್ಯಾಲರಿಗೆ ಒಂದು ಪದ್ಧತಿ ಇದೆ. ಮುಂದಿನ ಸಾಲು ಹೆಣ್ಣುಮಕ್ಕಳದು. ಅವರು ಉಡಿಯಲ್ಲಿ ಭಂಡಾರ ಕಟ್ಟಿಕೊಂಡು ಬರುತ್ತಾರೆ. ದೇವರಿಗೆ ಹಾರಿಸುವ ಅರಿಶಿನದ ಪುಡಿಯೇ. ಗೋಕಾಕ ಗೋಲು ಹೊಡೆದ ಕೂಡಲೇ ಭಂಡಾರ ಹಾರಬೇಕು, ಭಂಡಾರ ಹಾರಿದ ಕೂಡಲೇ ಡೊಳ್ಳು ಬೀಳಬೇಕು. ಲಗಮಣ್ಣ ಮತ್ತು ಅವರ ಮೇಳ ಮೈದಾನಕ್ಕೆ ಬೆನ್ನು ಕೊಟ್ಟು, ನಮ್ಮ ಕಡೆ ಮುಖ ಮಾಡಿ ನಿಲ್ಲುತ್ತಾರೆ. “ಆಟ ನೋಡಿದ್ರ ಕೈ ತಪ್ಪತೈತ್ರಿ, ನಾವು ಮಂದಿ ಮಾರಿ ನೋಡಿ ಬಾರಸವರು” ಎನ್ನುತ್ತಾರೆ ಲಗಮಣ್ಣ. ಅಂದರೆ ಅವರಿಗೆ ಗೋಲು ಎಂದರೆ ಭಂಡಾರ. ಎಷ್ಟೋ ವರ್ಷ ಹೀಗೆಯೇ ನಡೆದಿದೆ, ಒಮ್ಮೆಯೂ ತಪ್ಪಿರಲಿಲ್ಲ.

ಈ ವರ್ಷ ತಪ್ಪಿತು.

ಆಟ ಒಂದಕ್ಕೊಂದು ಸಮ ಇತ್ತು. ಮುಗಿಯಲು ಸ್ವಲ್ಪವೇ ಹೊತ್ತು. ನಾನು ಆಟದ ಕಡೆ ನೋಡುತ್ತಿರಲಿಲ್ಲ. ರೆಫರಿ ಕೊಟ್ಟ ಫೌಲು ಖರೆಯೋ ಸುಳ್ಳೋ ಎಂದು ಹಿಂದೆ ತಿರುಗಿ ಧನ್ಯಕುಮಾರ ಅವರ ಜೊತೆ ಜಗಳ ಹೂಡಿದ್ದೆ. ಅಷ್ಟರಲ್ಲಿ ಮುಂದಿನ ಸಾಲಿನಿಂದ ಭಂಡಾರ ಹಾರಿತು. ಡೊಳ್ಳು ಬಿತ್ತು! ಇಡೀ ನೆರಳಿನ ಗ್ಯಾಲರಿ ಎದ್ದು ಕುಣಿಯಿತು. ಚಹಾ ಕುಡಿಯಲು ಹೋದವರು ಕಪ್ಪು ಚೆಲ್ಲಿ ಓಡಿ ಬಂದು ಕುಣಿದರು. ನಾನು ಕುರ್ಚಿಯ ಮೇಲೆ ಹತ್ತಿ ಟವೆಲ್ಲು ತಿರುಗಿಸಿದೆ, ಧನ್ಯಕುಮಾರ ಅವರನ್ನು ಅಪ್ಪಿಕೊಂಡೆ. ಅವರು ನನಗಿಂತ ಜೋರಾಗಿ ಅಪ್ಪಿಕೊಂಡರು. ನನಗೆ ಆಗಲೇ ಸಂಶಯ ಬರಬೇಕಾಗಿತ್ತು.

ಗೋಲು ಹುಕ್ಕೇರಿಯದು! ಹೊಡೆದವನು ಸುನೀಲ. ನನ್ನ ಹೆಂಡತಿಯ ಅಣ್ಣನ ಮಗ. ಇದನ್ನು ಮುಚ್ಚಿಡುವುದು ಏನಿದೆ, ಊರಿಗೇ ಗೊತ್ತಿದೆ. ಗೋಕಾಕ ಸೋತಿತು, ಸೋತದ್ದಕ್ಕೆ ಗೋಕಾಕದ ಡೊಳ್ಳೇ ಮೆರವಣಿಗೆ ಮಾಡಿತು. ಬಿಸಿಲಿನ ಗ್ಯಾಲರಿಯವರು ನಾನು ಟವೆಲ್ಲು ತಿರುಗಿಸುವುದನ್ನು ಮೊಬೈಲಿನಲ್ಲಿ ಹಿಡಿದರು. ಮರುದಿನ ಹುಕ್ಕೇರಿ ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಕೆಂಪವ್ವ ಕೂಡ, “ಏನ್ರಿ ಕಂಡಕ್ಟರ್ ಕಾಕಾ, ನಮ್ಮ ಗೆಲುವಿಗೆ ಭಾಳ ಖುಷಿ ಆಗೈತಂತ” ಎಂದಳು. ಮಾನ ಹೋಯಿತು, ಸಭಿಕರೇ. ಇದ್ದೊಂದು ಮಾನ ಒಂದು ಟವೆಲ್ಲಿನಲ್ಲಿ ಹೋಯಿತು.

ನಾನು ಲಗಮಣ್ಣನ ಮೇಲೆ ಹರಿಹಾಯ್ದೆ. ಅವರು ಡೊಳ್ಳು ಕೆಳಗಿಟ್ಟು ಒಂದೇ ಮಾತು ಕೇಳಿದರು. “ಭಂಡಾರ ಹಾರ್ತು, ಬಾರಿಸಿದ್ವಿ. ಭಂಡಾರಕ್ಕ ಊರು ಇರತೈತೇನ್ರಿ?” ನನಗೆ ಉತ್ತರ ಹೊಳೆಯಲಿಲ್ಲ. ಉತ್ತರ ಹೊಳೆಯದಿದ್ದಾಗ ಮನುಷ್ಯ ಏನು ಮಾಡುತ್ತಾನೆ? ಠರಾವು ಬರೆಯುತ್ತಾನೆ.

ಹುಕ್ಕೇರಿಯವರು ಟಿಕೆಟ್ ಕೊಂಡು ನಮ್ಮಲ್ಲಿ ನುಸುಳಿ, ಬೇಕೆಂದೇ ಭಂಡಾರ ಹಾರಿಸಿ ನಮ್ಮನ್ನು ಕುಣಿಸಿದರು ಎಂದು ಬಳಗವೆಲ್ಲ ನಂಬಿತು. ನಾನೂ ನಂಬಿದೆ. ಮೊದಲು ಆಧಾರ್ ಕಾರ್ಡಿನ ವಿಳಾಸ ನೋಡಿ ಟಿಕೆಟ್ ಕೊಡೋಣ ಎಂದೆವು. ಧನ್ಯಕುಮಾರ ಅವರ ವಿಳಾಸ ಗೋಕಾಕದ್ದೇ! ಅವರ ಅಂಗಡಿ, ಮನೆ ಎಲ್ಲ ಇಲ್ಲೇ. ಹುಟ್ಟಿದ್ದು ಮಾತ್ರ ಹುಕ್ಕೇರಿಯಲ್ಲಿ. ಬದುಕು ಇಲ್ಲಿ, ಮನಸ್ಸು ಅಲ್ಲಿ. ಹಾಗಾಗಿ ನಾನೇ ತಲೆ ಓಡಿಸಿದೆ. ವಿಳಾಸ ಬದಲಾಗುತ್ತದೆ, ಹುಟ್ಟಿದ ಊರು ಬದಲಾಗುತ್ತದೆಯೇ? ‘ಹುಟ್ಟಿದವರಿಗೆ ಮಾತ್ರ’ ಎಂದು ಬರೆದೆ. ಕಮಿಟಿಯವರು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯನ್ನು ಕಿವಿಯಲ್ಲಿ ಇಟ್ಟುಕೊಂಡೇ ಮನೆಗೆ ಹೋದೆ.

ಈಗ ಹೇಳಿಬಿಡುತ್ತೇನೆ. ಭಂಡಾರ ಹಾರಿಸಿದವರು ಯಾರು ಎಂದು ನನಗೆ ಗೊತ್ತಾಗಿದೆ. ಹೆಸರು ಹೇಳುವುದಿಲ್ಲ. ಸಭೆಗೆ ಒಂದು ಸಭ್ಯತೆ ಎಂಬುದು ಇರುತ್ತದೆ. ಆ ವ್ಯಕ್ತಿ ನನ್ನ ತಾಟಿಗೆ ರೊಟ್ಟಿ ಹಾಕುತ್ತ...

ನಗಬೇಡಿರಿ. ಹೋಗಲಿ ಬಿಡಿರಿ, ಬಾಯಿಂದ ಬಿದ್ದುಹೋಯಿತು. ನನ್ನ ತಾಟಿಗೆ ರೊಟ್ಟಿ ಹಾಕುವವರು ಯಾರು ಎಂಬುದು ನಿಮಗೆಲ್ಲ ಗೊತ್ತೇ ಇದೆ. ಮಾಯವ್ವ, ಸೆರಗು ಮಾರಿಗೆ ಎಳಕೋಬ್ಯಾಡ. ಆದದ್ದು ಆತು.

ಆ ದಿನ ಬಾಗಿಲಲ್ಲಿ ಚಪ್ಪಲಿ ಬಿಡುತ್ತ ನಾನು ಎಂದಿನಂತೆಯೇ ಕೂಗಿದೆ, “ಏ ಹುಕ್ಕೇರ್‍ಯಾಕಿ, ಊಟಕ್ಕ ಹಾಕ.” ಊಟ ಮಾಡುತ್ತ ಠರಾವು ಓದಿ ಹೇಳಿದೆ. ಆಕೆ ರೊಟ್ಟಿ ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿ ಕೇಳಿದಳು, “ಅಲ್ಲರೀ, ಹಂಗಾದ್ರ ನಾ ಎಲ್ಲಿ ಕುಂದ್ರಲಿ?”

“ನೀ ಗೋಕಾಕದಾಕಿ ಅಲ್ಲೇನ?” ಎಂದೆ ನಾನು.

“ಹೌದ? ಮದುವಿಯಾಗಿ ಬಂದಾಗಿಂದ ಒಬ್ಬರರ ನನಗ ಗೋಕಾಕದಾಕಿ ಅಂದಾರೇನ್ರಿ? ನಿಮ್ಮವ್ವ ಸಾಯೂತನಕಾ ಹುಕ್ಕೇರ್‍ಯಾಕಿ ಅಂದ್ರು. ಓಣ್ಯಾಗ ಹುಕ್ಕೇರ್‍ಯಾಕಿ ಅಂತಾರ. ನೀವು ಈಗ ಬಾಗಲದಾಗ ನಿಂತು ಏನಂತ ಕರದ್ರಿ? ತವರಿಗೆ ಹೋದ್ರ, ಗೋಕಾಕದಾಕಿ ಬಂದ್ಲು ಅಂತ ಚಾ ಕೊಡತಾರ. ಇಲ್ಲಿ ಅಲ್ಲ್ಯಾಕಿ, ಅಲ್ಲಿ ಇಲ್ಲ್ಯಾಕಿ. ನಾ ಯಾವ ಗ್ಯಾಲರ್‍ಯಾಗ ಕುಂದ್ರಲಿ ಹೇಳ್ರಿ.”

ನಾನು ರೊಟ್ಟಿ ಮುರಿಯುತ್ತಲೇ ಇದ್ದೆ, ತಿನ್ನಲಿಲ್ಲ. ಆಮೇಲೆ ಆಕೆ ತಾನಾಗಿಯೇ ಹೇಳಿದಳು. “ಭಂಡಾರ ನಾನ ಹಾರ್ಸಿದ್ನಿ. ಹಾರ್ಸಬೇಕಂತ ಹಾರ್ಸಿಲ್ರಿ. ನಮ್ಮ ವೈನಿ ಹಾಸಿಗಿ ಹಿಡದಾಗ ಕೂಸಿದ್ದ ಆ ಸುನೀಲಗ ನಾ ನೀರ ಎರದೇನಿ, ಎಣ್ಣಿ ಹಚ್ಚಿ ಕಾಲು ತಿಕ್ಕೇನಿ. ಅದ ಕಾಲಿಲೆ ಒದ್ದಾ ನೋಡ್ರಿ ಚೆಂಡ. ಕೈ ತಾನ ಎದ್ತು.”

ಸಭಿಕರೇ, ಈ ಠರಾವನ್ನು ಮಂಡಿಸಬೇಕು ಎಂದೇ ನಾನು ಇಂದು ಮನೆಯಿಂದ ಹೊರಟೆ. ಕಮಿಟಿಗೆ ಮಾತು ಕೊಟ್ಟಿದ್ದೇನೆ. ಮಾಯವ್ವ ಕೂಡ, “ನೀವು ಕಾರ್ಯದರ್ಶಿ ಅದೀರಿ, ನಿಮ್ಮ ಕೆಲಸಾ ನೀವು ಮಾಡ್ರಿ” ಎಂದಳು. ಆದರೆ ಇಲ್ಲಿ ಮೈಕಿನ ಮುಂದೆ ನಿಂತಾಗ ಬೇರೆ ಒಂದು ನೆನಪು ಬರುತ್ತಿದೆ. ಗೋಕಾಕ ಗೆದ್ದ ವರ್ಷವೆಲ್ಲ ನಮ್ಮ ಮನೆಯಲ್ಲಿ ಹೋಳಿಗೆ. ನಾನೇ ಹಟ ಮಾಡಿ ಮಾಡಿಸುತ್ತಿದ್ದೆ, ಓಣಿಗೆಲ್ಲ ಹಂಚುತ್ತಿದ್ದೆ. ತನ್ನ ತವರು ಸೋತ ದಿನ ಆಕೆಯೇ ಬೇಳೆ ಬೇಯಿಸಿ, ಆಕೆಯೇ ಹೂರಣ ರುಬ್ಬಿ, ಆಕೆಯೇ ಬಡಿಸುತ್ತಿದ್ದಳು. “ತುಪ್ಪ ಸಾಕೇನ್ರಿ” ಎಂದು ಕೇಳುತ್ತಿದ್ದಳು. ನಾನು ಇನ್ನಷ್ಟು ಹಾಕಿಸಿಕೊಳ್ಳುತ್ತಿದ್ದೆ. ಧನ್ಯಕುಮಾರ ಅವರು ಆಟ ಮುಗಿಯುವ ತನಕ ಕರದಂಟು ಕಚ್ಚಿ ಕೂರುತ್ತಾರೆ, ಆಮೇಲೆ ಉಗುಳುತ್ತಾರೆ. ಈಕೆ ಮನೆಗೆ ಬಂದ ಮೇಲೂ ಬಾಯಿ ಮುಚ್ಚಿಕೊಂಡೇ ಇದ್ದಳು.

ಅಶೋಕ ಸರ್ ಅವರು ತಮ್ಮ ಭಾಷಣದಲ್ಲಿ ಕಸಿ ಮಾವಿನ ಮಾತು ತೆಗೆದರು. ಬುಡ ಒಂದರದು, ಟೊಂಗೆ ಇನ್ನೊಂದರದು, ಹಣ್ಣು ಎಲ್ಲರದು ಎಂದರು. ಸೊಗಸಾದ ಮಾತು. ಇದನ್ನು ಮನೆಯಲ್ಲಿ ಹೇಳಿದರೆ, “ಕೊಯ್ಯಿಸಿಕೊಂಡಾಕಿ ನಾನ ಅಲ್ಲೇನ್ರಿ” ಎನ್ನುತ್ತಾಳೆ ಎಂಬ ಭಯಕ್ಕೆ ನಾನು ಅದನ್ನು ಇಲ್ಲಿಗೇ ಬಿಡುತ್ತೇನೆ.

ಅಣ್ಣಾ ಅವರು ಗಡಿಯಾರ ನೋಡುತ್ತಿದ್ದಾರೆ. ಎರಡೇ ಮಾತು, ಅಣ್ಣಾ. ಠರಾವಿಗೆ ಕೈ ಎತ್ತುವ ಮೊದಲು ಇನ್ನೊಂದಕ್ಕೆ ಕೈ ಎತ್ತಿರಿ. ಮುಂದಿನ ಸಾಲಿನ ಅಕ್ಕತಂಗಿಯರೇ, ನಮ್ಮ ಗ್ಯಾಲರಿಯ ಭಂಡಾರ ನಿಮ್ಮ ಉಡಿಯಲ್ಲಿ ಇರುತ್ತದೆ. ನಿಮ್ಮಲ್ಲಿ ಗೋಕಾಕದಲ್ಲಿ ಹುಟ್ಟಿದವರು ಯಾರು, ಕೈ ಎತ್ತಿರಿ ನೋಡೋಣ.

ಕೈ ಎತ್ರೀ, ನಾಚಬ್ಯಾಡ್ರಿ.

ನೋಡಿದಿರಾ? ಈಕೆ ಹಿಡಕಲ್ಲದಾಕಿ. ಆಕೆ ಮೂಡಲಗ್ಯಾಕಿ. ಆಚೆಯಾಕೆ ಸಂಕೇಶ್ವರದಾಕಿ. ಆ ಕಡೆ ಇಬ್ಬರು ಹುಕ್ಕೇರ್‍ಯಾರು, ಮಾಯವ್ವನನ್ನು ಹಿಡಿದು ಮೂವರು. ದಿನ ಬೆಳಗಾದರೆ ಆ ಊರ ಹೆಸರು ಹಿಡಿದೇ ಕೂಗಿ ಚಹಾ ಕೇಳುವವರು ನಾವು. ಆಮೇಲೆ ನಮ್ಮ ಗ್ಯಾಲರಿಗೆ ಹುಕ್ಕೇರಿಯವರು ಎಲ್ಲಿಂದ ಬಂದರು ಎಂದು ಠರಾವು ಬರೆಯುವವರೂ ನಾವು! ಅವರು ನುಸುಳಿ ಬಂದರೇ? ನಾವೇ ವಾಲಗ ಊದಿಸಿ, ಅಕ್ಕಿಕಾಳು ಹಾಕಿ ಕರೆದುಕೊಂಡು ಬಂದೆವು.

ಒಂದು ಕೈ ಮೇಲೆ ಇದೆ. ಒಂದೇ ಒಂದು. ಭಾಗ್ಯಾ, ನೀ ಏನವಾ?

ಸಭಿಕರೇ, ಆಕೆ ನನ್ನ ಮಗಳು ಭಾಗ್ಯಾ. ಇದೇ ಊರಲ್ಲಿ ಹುಟ್ಟಿದವಳು, ಖರೆ. ಠರಾವಿನ ಪ್ರಕಾರ ಮುಂದಿನ ಸಾಲಿನಲ್ಲಿ ಕೂರಲು ಯೋಗ್ಯಳಾದವಳು ಈಕೆ ಒಬ್ಬಳೇ. ಆದರೆ ಈಕೆಯೂ ಮುಂದಿನ ವರ್ಷ ಇಲ್ಲಿ ಇರುವುದಿಲ್ಲ. ಬರುವ ತಿಂಗಳು ಈಕೆಯ ಮದುವೆ. ಪತ್ರಿಕೆ ಮನೆಮನೆಗೆ ಬಂದಿದೆ, ಎಲ್ಲರೂ ಬರಬೇಕು. ಕೊಟ್ಟ ಊರು ಯಾವುದು ಎಂದು ಪತ್ರಿಕೆ ಓದಿದವರಿಗೆ ಗೊತ್ತಿದೆ.

ಹುಕ್ಕೇರಿ.

ನಾಳೆ ನನ್ನ ಮಗಳನ್ನು ಆ ಊರು ಗೋಕಾಕದಾಕಿ ಎಂದು ಕೂಗುತ್ತದೆ. ಮುಂದಿನ ಫೈನಲ್ಲಿಗೆ ಅವಳು ಅತ್ತೆಯ ಜೊತೆ ಬಿಸಿಲಿನ ಗ್ಯಾಲರಿಯಲ್ಲಿ ಕಣ್ಣಿಗೆ ಕೈ ಅಡ್ಡ ಹಿಡಿದು ಕೂರುತ್ತಾಳೆ. ನಮ್ಮ ಹುಡುಗರು ಗೋಲು ಹೊಡೆದರೆ ಅವಳ ಕೈ ತಾನೇ ಏಳುತ್ತದೆ. ಏಳಬಾರದೇ? ಎದ್ದರೆ ಅಲ್ಲಿಯ ಕಾರ್ಯದರ್ಶಿ, ನನ್ನಂಥವನೇ ಒಬ್ಬ ಇರುತ್ತಾನಲ್ಲ, ಅವನು ಮೈಕು ಹಿಡಿದು ‘ಹುಟ್ಟಿದವರಿಗೆ ಮಾತ್ರ’ ಎಂದರೆ ನನ್ನ ಭಾಗ್ಯಾ ಎಲ್ಲಿ ಕೂರಬೇಕು? ನನಗೆ ಸಂಕಟವಾಗುತ್ತದೆ, ಸಭಿಕರೇ. ಅವಳು ಹೋಳಿಗೆ ಬಡಿಸುತ್ತ ತುಪ್ಪ ಸಾಕೇ ಎಂದು ಕೇಳುವುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಬಸ್ಸಿನಲ್ಲಿ ನಾನು ಎಂದೂ ಯಾರನ್ನೂ ಎಲ್ಲಿ ಹುಟ್ಟಿದಿರಿ ಎಂದು ಕೇಳಲಿಲ್ಲ. “ಎಲ್ಲಿಗ್ರಿ?” ಎಂದಷ್ಟೇ ಕೇಳಿದೆ, ಟಿಕೆಟ್ ಕೊಟ್ಟೆ. ಟಿಕೆಟ್ ಕೊಂಡವರಿಗೆ ಸೀಟು ತೋರಿಸುವುದೇ ನನ್ನ ಧರ್ಮವಾಗಿತ್ತು. ನಿವೃತ್ತನಾದ ಮೇಲೆ ಅದನ್ನು ಮರೆತೆ.

ಅಧ್ಯಕ್ಷರೇ, ಠರಾವನ್ನು ನಾನು ಮಂಡಿಸುವುದಿಲ್ಲ. ಬರೆದ ಕೈಯೇ ಹಿಂದಕ್ಕೆ ಪಡೆಯುತ್ತಿದೆ. ಕಮಿಟಿಗೆ ಸಿಟ್ಟು ಬಂದರೆ ಕಾರ್ಯದರ್ಶಿ ಪದವಿಯನ್ನೂ ಹಿಂದಕ್ಕೆ ಪಡೆಯಲಿ. ಧನ್ಯಕುಮಾರ ಅವರೇ, ಬರುವ ವರ್ಷ ಕರದಂಟು ತಿನ್ನುವುದಾದರೆ ರುಚಿಗೆ ತಿನ್ನಿರಿ. ಹುಕ್ಕೇರಿ ಗೆದ್ದರೆ ನಮ್ಮ ಮನೆಯಲ್ಲಿಯೂ ಹೋಳಿಗೆ ಆಗುತ್ತದೆ, ಹೂರಣ ನಾನು ರುಬ್ಬುತ್ತೇನೆ. ಹೇಗಾದರೂ ಆಗಲಿ, ತಿನ್ನಲು ಬರಬೇಕು.

ಮಾಯವ್ವ, ನಿನ್ನ ಜಾಗಾ ಮುಂದಿನ ಸಾಲಿನ್ಯಾಗ, ನೀ ಯಾವಾಗ್ಲೂ ಕುಂದ್ರೂ ಜಾಗಾದಾಗ ಐತಿ. ಉಡಿ ತುಂಬಿ ತಗೊಂಡು ಬಾ.

ಇಷ್ಟು ಹೊತ್ತು ಊಟ ತಡೆದು ಕೇಳಿದ ನಿಮ್ಮೆಲ್ಲರಿಗೂ, ಮೈಕು ಕಸಿದುಕೊಳ್ಳದೆ ಕೂತ ಅಣ್ಣಾ ಅವರಿಗೂ ನಾನು ಋಣಿ. ಕಡೆಯದಾಗಿ ಲಗಮಣ್ಣನವರಿಗೆ ಒಂದು ಮಾತು. ಅಂದು ನೀವು ಕೇಳಿದ್ದಕ್ಕೆ ಉತ್ತರ ಈಗ ಸಿಕ್ಕಿದೆ. ಭಂಡಾರಕ್ಕ ಊರು ಇಲ್ರಿ ಲಗಮಣ್ಣ. ಬರೂ ವರ್ಷ ಭಂಡಾರ ಹಾರಿದ್ರ ಬಾರಿಸಿಬಿಡ್ರಿ. ಗೋಲು ಯಾರದಂತ ತಿರುಗಿ ನೋಡಬ್ಯಾಡ್ರಿ.

ನಮಸ್ಕಾರ.