ಜೊತೆಗೆ ಬರುವವರ ಹೆಸರು

ಸುಳ್ಳು ಹೇಳಿ ನನಗೇನಾಗ್ಬೇಕು? ನಮ್ಮ ದೊಡ್ಡಮ್ಮನ ಮಗಳಿಗೇ ಆದದ್ದು ಇದು. ಕಂಪ್ಯೂಟರಲ್ಲಿ ಅರ್ಜಿ ಫಾರಂ ಪರೀಕ್ಷೆ ಮಾಡೋದು ಅಕ್ಕನ ಕೆಲಸ. ಬೇಕಂತಲೇ ತಪ್ಪು ತುಂಬೋದು, ಕೆಂಪಕ್ಷರದಲ್ಲಿ ಸರಿಯಾದ ಎಚ್ಚರಿಕೆ ಬರುತ್ತಾ ನೋಡೋದು. ಇವಳಷ್ಟು ಚೆನ್ನಾಗಿ ತಪ್ಪು ಮಾಡೋರು ಯಾರೂ ಇಲ್ಲ ಅಂತ ಆಫೀಸಲ್ಲಿ ತಮಾಷೆ. ಮನೇಲಿ ಒಬ್ಬಳೇ.

ಮಾರನೇ ದಿನ ಮಂಡಿ ಆಪರೇಷನ್. ಕತ್ತಲಾದ ಮೇಲೆ ಕುಂಟುತ್ತಾ ಮನೆಗೆ ಬರ್ತಿದ್ದಾಳೆ. ಬೀದಿ ಕೊನೇಲಿ ಒಂದು ಹಾಳುಬಾವಿ. ಕಾಲು ನೋವು ತಡೀಲಾರದೆ ಕಟ್ಟೆ ಮೇಲೆ ಕೂತಳು. "ನಾಳೆ ನನ್ನ ಜೊತೆ ಯಾರಪ್ಪಾ ಬರ್ತಾರೆ…" ಅಂದಳಂತೆ, ತನ್ನಷ್ಟಕ್ಕೆ. ಕೆಳಗೆ ನೀರು ಗುಳುಕ್ ಅಂತು. ಒಂದೇ ಸಲ. ಎದ್ದು ಬಂದುಬಿಟ್ಟಳು.

ಆಪರೇಷನ್ ವಿಷಯ ನಮಗೂ ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ.

ಮನೇಲಿ ಆಸ್ಪತ್ರೆಯ ಫಾರಂ ತೆರೆದಳು. 'ಜೊತೆಗೆ ಬರುವವರ ಹೆಸರು' ಅಂತ ಒಂದು ಸಾಲು. ಅದಿಲ್ಲದೆ ಆಪರೇಷನ್ ಮಾಡಲ್ಲ. ಯಾರ ಹೆಸರು ಬರೀತಾಳೆ? ಖಾಲಿ ಬಿಟ್ಟು 'ಸಲ್ಲಿಸಿ' ಗುಂಡಿ ಒತ್ತಿದಳು. ಟಕ್. ಬರಬೇಕಾದ್ದು 'ಇದನ್ನು ಭರ್ತಿ ಮಾಡಿ' ಅಂತ. ಬಂದದ್ದು… 'ನಾನು ಬರ್ತೀನಿ.'

ಅಕ್ಕ ಹೆದರಲಿಲ್ಲ. ಬ್ರೌಸರಿಗೆ ಹಾಕ್ಕೊಂಡ ಚಿಕ್ಕಪುಟ್ಟ ಪ್ರೋಗ್ರಾಂಗಳ, ಅಂದ್ರೆ ಎಕ್ಸ್‌ಟೆನ್ಷನ್‌ಗಳ ಕಿತಾಪತಿ ಅವಳಿಗೆ ಹೊಸದಾ? ಅನುವಾದ ಮಾಡೋದೊಂದು, ಕಾಗುಣಿತ ತಿದ್ದೋದೊಂದು, ಜಾಹೀರಾತು ತಡೆಯೋದೊಂದು. ಪುಟದೊಳಗೆ ಕೈ ಹಾಕಿ ಎಚ್ಚರಿಕೆಯ ಮಾತನ್ನೇ ಕೆಡಿಸಿಬಿಡ್ತವೆ. ಒಂದನ್ನ ಆಫ್ ಮಾಡಿದಳು. ಟಕ್. 'ನಾನು ಬರ್ತೀನಿ.' ಎರಡನೇದು. ಅದೇ. ಮೂರನೇದನ್ನೂ ತೆಗೆದು ಒತ್ತಿದಳು.

'ಬರ್ತೀನಿ ಅಂದೆನಲ್ಲ.'

ಆಫೀಸಿನ ಗೆಳತಿಗೆ ಫೋನ್ ಮಾಡಿದಳು.

"ಎಲ್ಲಾ ಎಕ್ಸ್‌ಟೆನ್ಷನ್ ತೆಗೆದ್ಯಾ?"

"ತೆಗೆದೆ ಕಣೇ."

"ಹಾಗಾದ್ರೆ…" ಅಂತ ಶುರು ಮಾಡಿದ ಗೆಳತಿ ತಟ್ಟನೆ ಪಿಸುಗುಟ್ಟಿದಳು, "ಲೇ… ನಿನ್ನ ಪಕ್ಕ ಯಾರು ಕೆಮ್ಮಿದ್ದು?"

ಅಕ್ಕ ಫೋನ್ ಇಟ್ಟಳು. ಕಂಪ್ಯೂಟರ್ ಮುಚ್ಚಿದಳು. ದೀಪ ಮಾತ್ರ ಆರಿಸಲಿಲ್ಲ.

ಬೆಳಿಗ್ಗೆ ಆಸ್ಪತ್ರೆಗೆ ಹೋದಾಗ, ವಾಪಸ್ ಕಳಿಸ್ತಾರೆ ಅಂತಲೇ ಲೆಕ್ಕ ಹಾಕ್ಕೊಂಡಿದ್ದಳು. ನರ್ಸ್ ಕಾಗದ ತಿರುವಿ ನೋಡಿ, "ನಿಮ್ಮ ಜೊತೆಯವರು ಆಗಲೇ ಬಂದು ಸಹಿ ಹಾಕಿದ್ರಲ್ಲಮ್ಮ," ಅಂದರು.

ಯಾರು ಅಂತ ಅಕ್ಕ ಕೇಳಲೇ ಇಲ್ಲ. "ಯಾಕೆ ಕೇಳಲಿಲ್ಲ?" ಅಂತ ಆಮೇಲೆ ನಾನು ಗದರಿದೆ. "ಯಾರೋ ಒಬ್ರು ಬಂದ್ರಲ್ಲ ಕಣೋ…" ಅಂದಳು.

ಆಪರೇಷನ್ ಮುಗಿದು ಎಚ್ಚರ ಆದ ಮೇಲೇನೇ ನನಗೆ ಫೋನ್ ಮಾಡಿದ್ದು. ಕನ್ನಡಕ ಮನೇಲಿ ಮೇಜಿನ ಮೇಲೆ ಮರೆತು ಬಂದಿದ್ದಳು. ಬಂದು ಬೀಗದ ಕೈ ಇಸ್ಕೊಂಡು ಹೋಗಿ ತಾ ಅಂದಳು. ನಾನು ಎದ್ದೆನೋ ಬಿದ್ದೆನೋ ಅಂತ ಆಸ್ಪತ್ರೆಗೆ ಓಡಿದೆ. ಹೋದಾಗ ಮತ್ತೆ ನಿದ್ದೆ ಹೋಗಿದ್ದಳು. ಮಂಚಕ್ಕೆ ಒತ್ತಿಕೊಂಡು ಒಂದು ಕುರ್ಚಿ. ಅದರ ಮೇಲೆ ಅವಳ ಕನ್ನಡಕ… ಒರೆಸಿ, ಮಡಚಿ ಇಟ್ಟಿತ್ತು.

ಮನೆಗಿದ್ದ ಒಂದೇ ಬೀಗದ ಕೈ ಅವಳ ಚೀಲದಲ್ಲೇ ಇತ್ತು. ನಾನೇ ಕೈಯಾರೆ ತೆಗೆದದ್ದು.