ಹಗೇವಿನಲ್ಲಿಟ್ಟ ವೈನು

ಫಕ್ಕೀರೇಶ ಅಂದರೆ ನಮ್ಮ ದೊಡ್ಡಪ್ಪನ ಮಗ. ನಮ್ಮೂರು ಹಿರೇಬೆಂಡಿಗೇರಿಯವರ ಎದೆಗಾರಿಕೆ ಇಡೀ ಶಿಗ್ಗಾಂವ ತಾಲೂಕಿಗೆ ಗೊತ್ತು. ಅದರಲ್ಲೂ ನಮ್ಮ ಮನೆತನದವರು ಹಾವು ಬಂದರೆ ಬಾಲ ಹಿಡಿದು ಹೊಲದಾಚೆ ಒಗೆಯುವ ಮಂದಿ. ಅಂಥವನು ಈ ಮಾತನ್ನು ಹೆದರಿ ಹೇಳಲಿಲ್ಲ… ಅತ್ತು ಹೇಳಿದ. ಅದಕ್ಕೇ ನಂಬಬೇಕು.

ಹೋದ ವೈಶಾಖ. ಅಮಾವಾಸ್ಯೆ ಹತ್ತಿರ ಬಂದಿತ್ತು. ಶಿಗ್ಗಾಂವದಲ್ಲಿ ಮೆಣಸಿನಕಾಯಿ ಇಳಿಸಿ, ತಡಸದ ಗೆಳೆಯ ಅಫ್ಜಲನ ಟಂಟಂ ಗಾಡಿಯಲ್ಲಿ ವಾಪಸು ಬಂದ ಫಕ್ಕೀರೇಶ, ನಮ್ಮೂರ ಕ್ರಾಸಿನಲ್ಲೇ ಇಳಿದುಬಿಟ್ಟ.

"ಲೇ ಫಕ್ಕೀರ್ಯಾ, ಕುಂದ್ರು. ಮನೀತನಕ ಬಿಡ್ತೇನಿ," ಅಂದ ಅಫ್ಜಲ.

"ಬ್ಯಾಡ. ನಡ್ಕೋತ ಹೊಕ್ಕೇನಿ."

"ಇವತ್ತ ಹಗೇವು ತಗಿತೀಯೇನು?"

ಫಕ್ಕೀರೇಶ ಟಾವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ.

"ರಾತ್ರಿ ಬ್ಯಾಡೋ ದೋಸ್ತ. ಒಂದಿನಾ ಬಾಯಿ ತೆರದಿಟ್ಟು ಗಾಳಿ ಆಡಿಸಬೇಕು. ಮುಂಜಾನೆ ನಾ ಬರ್ತೇನಿ."

"ನೀ ಯಾಕಪಾ? ವೈನ್ ಬಾಟ್ಲಿ ಕಂಡ್ರ ಮಾರು ದೂರ ನಿಲ್ಲಾಂವ ನೀ."

"ಕಲ್ಲ ಎತ್ತಾಕ ಬರ್ತೇನೋ, ಕುಡ್ಯಾಕಲ್ಲ!"

ಇಬ್ಬರೂ ನಕ್ಕರು. ಟಂಟಂ ಹೋಯಿತು. ಆ ನಗು ಹಾದಿಯಲ್ಲೇ ಆರಿಹೋಯಿತು.

ಆ ಹಗೇವಿನ ವಿಷಯ ಹೇಳಬೇಕು. ಮದುವೆಗೆ ಮೊದಲು ಫಕ್ಕೀರೇಶ ವಿಜಯಪುರದ ಕಡೆ ದ್ರಾಕ್ಷಿ ತೋಟದಲ್ಲಿ ದುಡಿದಿದ್ದ. ಅವನು ಕೈಯಾರೆ ಬೆಳೆಸಿದ ದ್ರಾಕ್ಷಿಯಿಂದ ವೈನು ಆಯಿತು. ಕೆಲಸ ಬಿಟ್ಟು ಮದುವೆಗೆ ಬರುವಾಗ ಮಾಲಕರು ನಾಲ್ಕಾರು ಬಾಟಲಿ ಕೊಟ್ಟು, "ಮಲಗಿಸಿಡು, ಬೂಚು ಒಣಗಬಾರದು. ಬೆಳಕು ಬ್ಯಾಡ, ಕಾವು ಬ್ಯಾಡ, ಅಲುಗಾಡಿಸಬ್ಯಾಡ. ಐದು ವರ್ಷ ಆದಮ್ಯಾಲ ತಗಿ," ಅಂದಿದ್ದರು.

ಎಲ್ಲಿಡೋದು? ತಗಡಿನ ಮನೆ. ಬೇಸಿಗೆಯಲ್ಲಿ ಗಡಿಗೆಯ ಮಜ್ಜಿಗೆಯೇ ಕುದ್ದ ಹಾಗಿರುತ್ತದೆ. ಫ್ರಿಜ್ ಇತ್ತು, ಆದರೆ ಕರೆಂಟು ಇದ್ದಾಗ ಅದರ ದಡದಡಕ್ಕೆ ಮನೆ ಮಂದಿಗೇ ನಿದ್ದೆ ಇಲ್ಲ. ಊರವರೋ, ಲಿಂಗ ಕಟ್ಟಿದವರ ಮನೆಯಲ್ಲಿ ಇದೇನು ಅಂತ ಮೂಗು ಮುರಿದರು. ಆಗ ಹೊಸ ಸೊಸೆ ಶೀಲಾ ಸೆರಗು ಸಿಕ್ಕಿಸಿ ಎದ್ದಳು.

"ನನ್ನ ಗಂಡ ಬಿಸಲಾಗ ನಿಂತ ಬೆಳದಿದ್ದು ಏನಾಗೇತಿ ಅಂತ ನಾ ನೋಡಬೇಕು. ಹಗೇವು ಖಾಲಿ ಐತಲ್ಲ? ಜ್ವಾಳಕ್ಕ ತಂಪ ಕೊಟ್ಟಿದ್ದು ಇದಕ್ಕ ಕೊಡೂದಿಲ್ಲೇನು?"

ನಮ್ಮ ಕಡೆ ಅಂಗಳದ ಕೆಳಗೆ ಜೋಳ ತುಂಬಲು ಅಗೆದ ನೆಲಮಾಳಿಗೆಯೇ ಹಗೇವು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಕೋಣೆಯಷ್ಟು. ಮೇಲೆ ಹಾಸುಗಲ್ಲು, ಅದರ ಸಂದಿಗೆ ಎರೆಮಣ್ಣು ಮೆತ್ತಿ ಮುಚ್ಚುತ್ತಾರೆ. ಹೊರಗೆ ಎಂಥ ಬಿಸಿಲಿದ್ದರೂ ಒಳಗೆ ಅದೇ ಕತ್ತಲು, ಅದೇ ತಂಪು. ಶೀಲಾ ತಾನೇ ಇಳಿದು, ಹೊಟ್ಟಿನ ಹಾಸಿಗೆ ಮಾಡಿ, ಬಾಟಲಿಗಳನ್ನು ಕೂಸುಗಳ ಹಾಗೆ ಮಲಗಿಸಿ ಬಂದಳು. "ಐದು ವರ್ಷ ತುಂಬಿದ ದಿನಾ ನಾವಿಬ್ರೂ ತಗ್ಯೂಣ್ರಿ," ಅಂದಳು.

ನಾಲ್ಕು ವರ್ಷ ಕಳೆದಿತ್ತು. ಶ್ರಾವಣದಲ್ಲಿ ಶೀಲಾಗೆ ಜ್ವರ ಬಂತು. ಹುಬ್ಬಳ್ಳಿಯ ದವಾಖಾನೆಗೆ ನಡೆದುಕೊಂಡು ಹೋದಳು… ಹೊತ್ತುಕೊಂಡು ಬಂದರು.

ಐದು ತುಂಬಿದ್ದು ಆ ರಾತ್ರಿ.

ಕ್ರಾಸಿನಿಂದ ಊರಿಗೆ ಬರುವ ಹಾದಿಯಲ್ಲಿ ಆಲದ ಮರ, ಅದರ ಬುಡಕ್ಕೆ ಹಾಳು ಬಾವಿ. ಫಕ್ಕೀರೇಶ ಅಲ್ಲಿಗೆ ಬಂದಾಗ ಜೀರುಂಡೆಗಳು ಒಮ್ಮೆಲೇ ನಿಂತವು.

ಟಿಣ್…

ಗಾಜಿಗೆ ಗಾಜು ತಾಗಿದ ಸಪ್ಪಳ. ಬಾವಿಯೊಳಗಿಂದ. ಬ್ಯಾಟರಿ ಬೆಳಕು ಬಿಟ್ಟು ನೋಡಿದ. ಕಸ, ಮುಳ್ಳು… ನೀರಿಲ್ಲ.

ಟಿಣ್… ಟಿಣ್…

ಈ ಸಲ ಸಪ್ಪಳ ಕಾಲ ಕೆಳಗೆ, ನೆಲದೊಳಗೆ. ಅವನು ನಡೆದರೆ ಅದೂ ಮುಂದೆ ಸರಿಯಿತು. ಬೇರೆಯವರಾಗಿದ್ದರೆ ಅಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತಿದ್ದರು. ಇವನು ಸಪ್ಪಳದ ಬೆನ್ನು ಹತ್ತಿ ಮನೆಗೆ ಬಂದ. ಅಂಗಳದ ನಡುವೆ, ಹಾಸುಗಲ್ಲಿನ ಕೆಳಗೆ, ಅದು ನಿಂತಿತು.

ಊಟ ಇಲ್ಲ, ನೀರಿಲ್ಲ. ಕಬ್ಬಿಣದ ಹಾರೆ ತಂದ. ಇಬ್ಬರು ಎತ್ತುವ ಕಲ್ಲನ್ನು ಒಬ್ಬನೇ ಮೀಟಿ ಸರಿಸಿದ. ಗರ್… ಅಂತು ಕಲ್ಲು. ಒಳಗಿನ ತಂಪು ಮುಖಕ್ಕೆ ಬಡಿಯಿತು. ಹೊಟ್ಟಿನ ಮೇಲೆ ಯಾರೋ ಅಂಗೈ ಆಡಿಸಿದ ಹಾಗೆ… ಸರ್… ಸರ್…

"ಬಂದ್ರೇನ್ರಿ?"

ಪಿಸುಮಾತು. ಶೀಲಾಳದೇ.

ಮುಚ್ಚಿಟ್ಟ ಹಗೇವಿನಲ್ಲಿ ಗಾಳಿ ಕೆಡುತ್ತದೆ. ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡಬೇಕು. ಉರಿದರೆ ಇಳಿಯಬಹುದು, ಆರಿದರೆ ಇಳಿಯಬಾರದು. ಇಳಿದವರು ಎದ್ದು ಬರುವುದಿಲ್ಲ. ನಮ್ಮೂರಲ್ಲಿ ಇದು ತೊಟ್ಟಿಲ ಕೂಸಿಗೂ ಗೊತ್ತು. ಫಕ್ಕೀರೇಶನ ಕೈ ತನ್ನಷ್ಟಕ್ಕೆ ತಾನೇ ಕಂದೀಲು ಹಚ್ಚಿ ಇಳಿಬಿಟ್ಟಿತು. ಅರ್ಧಕ್ಕೆ ಹೋಯಿತು… ಜ್ವಾಲೆ ಸಣ್ಣದಾಯಿತು… ಫುಸ್.

ಎಳೆದ, ಮತ್ತೆ ಹಚ್ಚಿದ, ಮತ್ತೆ ಬಿಟ್ಟ. ಫುಸ್.

ಕಂದೀಲು ಬಿಚ್ಚಿ ಬದಿಗಿಟ್ಟ. ಹಗ್ಗದ ಒಂದು ತುದಿಯನ್ನು ಬೇವಿನ ಮರಕ್ಕೆ ಬಿಗಿದ.

"ಶೀಲಾ… ನಾ ಬರ್ತೇನಿ."

"ದೀಪಾ ಆರೇತಲ್ರಿ."

"ಆರ್ಲಿ."

"ಹಂಗ ಇಳೀಬಾರ್ದು."

"ನೀ ಅದಿಯಲ್ಲ ಅಲ್ಲೆ!"

ಕೆಳಗೆ ಹೊಟ್ಟು ಸರ್… ಅಂತು. ಆಮೇಲೆ ಮೆಲ್ಲಗೆ ಬಂತು…

"ನನಗ ಗಾಳಿ ಬ್ಯಾಡ್ರಿ… ನಿಮಗ ಬೇಕು."

ಫಕ್ಕೀರೇಶ ಹಗೇವಿನ ದಂಡೆಗೆ ಕೂತು ಅತ್ತ. ಹೆಣ ತಂದ ದಿನವೂ ಎಲ್ಲರೆದುರು ಹಲ್ಲು ಕಚ್ಚಿ ನಿಂತಿದ್ದವನು, ಬಾಯಿಗೆ ಟಾವೆಲ್ ತುರುಕಿಕೊಂಡು ಅತ್ತ.

"ಐದು ವರ್ಷ ಆತು, ಶೀಲಾ. ಇವತ್ತಿಗೆ."

"ಗೊತ್ತೈತಿ. ಅದಕ್ಕ ಬಂದೇನಿ. ಊಟಾ ಮಾಡೀರೇನು?"

"ಇಲ್ಲ."

"ಒಣಗೀರಿ. ಕಾಣತೈತಿ ಇಲ್ಲಿಂದ. ಏಳ್ರಿ… ಒಂದ ರೊಟ್ಟಿ ತಿಂದ ಮಲಕೋರಿ."

"ನೀ ಇಲ್ಲದ ಮನ್ಯಾಗ ನನಗ ರೊಟ್ಟಿ ಇಳ್ಯಾಂಗಿಲ್ಲ. ನಾನೂ ಅಲ್ಲೇ ಬಂದ್ಬಿಡ್ತೇನಿ. ಚೂರು ಆಕಡೆ ಸರಿ."

ಹಗ್ಗ ಹಿಡಿದ. ಕಾಲು ಇಳಿಬಿಟ್ಟ. ಮೊಣಕಾಲಿನವರೆಗೆ ತಂಪು ಏರಿತು. ಇನ್ನೊಂದು ಕ್ಷಣ ಸಾಕಿತ್ತು, ಅವನೇ ಹೇಳಿದ, ಕೈ ಬಿಟ್ಟೇಬಿಡುತ್ತಿದ್ದೆ ಅಂತ. ಆಗ…

ಅಂಗಾಲಿಗೆ ಅಂಗೈ ತಾಗಿತು.

ಸಣ್ಣ ಅಂಗೈ. ತಣ್ಣಗಿತ್ತು. ಜಗ್ಗಲಿಲ್ಲ. ಮೇಲಕ್ಕೆ ನೂಕಿತು. ಇನ್ನೊಂದು ಕಾಲಿಗೂ ತಾಗಿ ನೂಕಿತು. ತಲೆಬಾಗಿಲಿಂದ ಕೆಲಸಕ್ಕೆ ಹೊರಡಲು ಒಲ್ಲದವನನ್ನು ಹೆಂಡತಿ ನೂಕುತ್ತಾಳಲ್ಲ, ಹಾಗೆ. ಫಕ್ಕೀರೇಶ ಹಿಂದಕ್ಕೆ ಅಂಗಳಕ್ಕೆ ಬಿದ್ದ. ನೆತ್ತಿಯ ಮೇಲೆ ಬೇವಿನ ಟೊಂಗೆ ಕಂಡದ್ದಷ್ಟೇ ಅವನಿಗೆ ನೆನಪು.

ಬೆಳಗಾಯಿತು. ಅಫ್ಜಲ ಓಣಿಯಿಂದಲೇ ಕೂಗುತ್ತ ಬಂದ. "ಲೇ, ಬಂದೇನೋ ಕಲ್ಲ ಎತ್ತಾಕ! ಯಾಕೋ… ಅಂಗಳದಾಗ ಮಲಗೀಯಲ್ಲ?"

ಫಕ್ಕೀರೇಶ ಎದ್ದು ನೋಡಿದ. ಹಗೇವಿನ ಬಾಯಿ ಮುಚ್ಚಿತ್ತು. ಹಾಸುಗಲ್ಲು ತನ್ನ ಜಾಗದಲ್ಲೇ ಕೂತಿತ್ತು. ಅದರ ಸುತ್ತ ಎರೆಮಣ್ಣು ಮೆತ್ತಿತ್ತು, ಒಲೆ ಸಾರಿಸಿದಷ್ಟು ನುಣ್ಣಗೆ.

ಅಫ್ಜಲ ಬಗ್ಗಿ ಮುಟ್ಟಿದ. ನಗು ನಿಂತಿತು. "ಹಸಿ ಐತೋ ಇದು… ಈಗಷ್ಟ ಮೆತ್ತೀಯೇನು?"

ಫಕ್ಕೀರೇಶ ತನ್ನ ಎರಡೂ ಕೈ ತಿರುವಿ ನೋಡಿಕೊಂಡ. ಒಂದು ಚೂರೂ ಮಣ್ಣಿಲ್ಲ.

"ತಗ್ಯೂದು ಬ್ಯಾಡ," ಅಂದ. "ಒಳಗ ಬಾ. ರೊಟ್ಟಿ ಅದಾವು. ತಿನ್ನೂಣು."

ಅವತ್ತಿನಿಂದ ಆ ಹಗೇವು ತೆಗೆದಿಲ್ಲ. ವೈನು ಏನಾಯಿತೋ ಯಾರಿಗೂ ಗೊತ್ತಿಲ್ಲ. ನಾನು ಮೊನ್ನೆ ಹೋಗಿದ್ದೆ. ಈ ವರ್ಷದ ಬಿಸಿಲಿಗೆ ಅವನ ಅಂಗಳವೆಲ್ಲ ಬೆರಳು ಹೋಗುವಷ್ಟು ಬಿರುಕು ಬಿಟ್ಟಿದೆ. ಕಲ್ಲಿನ ಸುತ್ತಲ ಆ ಮಣ್ಣು ಮಾತ್ರ… ನಾನೇ, ಈ ಕೈಯಿಂದಲೇ ಒತ್ತಿ ನೋಡಿದೆ. ಸುಳ್ಳು ಅನ್ನುವವರು ಬಂದು ಒತ್ತಿ ನೋಡಲಿ.

ಇನ್ನೂ ಹಸಿ ಇದೆ.