ಮದುವೆ ಕಾರ್ಡಿನ ಅಂಗಡಿಯ ವಾರಪತ್ರಿಕೆ

...ಅಲ್ಲಯ್ಯಾ ಶ್ರೀಹರಿ, ಮಾರ್ಕೆಟ್ಟಿಗೆ ಮೆಟ್ರೋ ಬಂದಿದ್ದೇ ನಮ್ಮ ‘ಪೇಟೆ ಪಡಸಾಲೆ’ ಪತ್ರಿಕೆಯಿಂದ! ಈ ನಾಗಭೂಷಣ ಒಂದು ಲೇಖನ ಗೀಚಿದ, ಮಾರನೇ ದಿನವೇ ರಸ್ತೆ ಅಗೆದ್ರು... ಸರಿ, ಸುಳ್ಳು. ಅಗೆದಿದ್ದನ್ನ ನೋಡ್ಕೊಂಡೇ ನಾನು ಬರೆದಿದ್ದು. ನಗು, ಪರವಾಗಿಲ್ಲ. ನಗಲ್ವಾ? ಮೊದಲೆಲ್ಲ ಇದಕ್ಕೆ ಮೇಜು ಕುಟ್ಟಿ ನಗ್ತಿದ್ದೆ.

ಗೊತ್ತು ಮಗಾ, ಯಾಕೆ ಬಂದಿದೀಯ ಅಂತ. ಸಂಪಾದಕರ ಹತ್ರ ರಾಜಿ ಆಗೋಕೆ. ಇಷ್ಟು ವರ್ಷದ ಮುನಿಸು! ಕೂತ್ಕೋ, ಟೀ ಕುಡಿ, ಬಸವಪ್ರಭು ಅಣ್ಣ ಬರ್ತಾರೆ. ಎದುರಿಗೆ ಅವರ ಕಾರ್ಡಿನ ಅಂಗಡಿ ಬಾಗಿಲು ಹಾಕಿದೆ, ನಾನೂ ನೋಡಿದೆ. ಊಟಕ್ಕೆ ಹೋಗಿರ್ತಾರೆ. ಇಡೀ ಸುಲ್ತಾನ್‌ಪೇಟೆ ಬಾಗಿಲು ತೆಗೆದಿದೆ ಅಂತೀಯಾ? ತೆಗೀಲಿ ಬಿಡು.

ಆ ಅಂಗಡಿ ಹಿಂದೇನೇ ಅಲ್ವಾ ಪತ್ರಿಕೆ ಹುಟ್ಟಿದ್ದು! ಮದುವೆ ಕಾರ್ಡು ಹೊಡೆದು ಮಿಕ್ಕ ಕಾಗದದಲ್ಲಿ ವಾರಪತ್ರಿಕೆ. ವೈಶಾಖದಲ್ಲಿ ಮಷೀನಿಗೆ ಪುರುಸೊತ್ತಿಲ್ಲ, ಒಂದೇ ಹಾಳೆ. ಆಷಾಢದಲ್ಲಿ ಲಗ್ನ ಇಲ್ಲ, ಊದಿಕೊಂಡು ಹದಿನಾರು ಪುಟ. ದೊಡ್ಡ ಸುದ್ದಿ ಆಗ್ಬೇಕಂದ್ರೆ ಆಷಾಢದಲ್ಲೇ ಸಾಯಿರಯ್ಯಾ ಅಂತ ಅಣ್ಣನೇ ಹೇಳ್ತಿದ್ರು... ಈಗ ನೋಡು, ಮದುವೆ ಸೀಸನ್ನು. ಥೂ, ಅದ್ಯಾಕೆ ಈಗ.

ಆ ವೈಶಾಖದ್ದು ಮಾತ್ರ ನಿನ್ನ ತಪ್ಪಲ್ಲ. ಅಣ್ಣನ ಸೋದರಮಾವನ ಶ್ರದ್ಧಾಂಜಲಿ, ಅಚ್ಚಾಗಿದ್ದು ಮದುವೆ ಕಾರ್ಡಿನ ಹಾಳೇಲಿ, ನೆತ್ತಿ ಮೇಲೆ ಬಂಗಾರದ ಗಣಪತಿ! ಸಾಲದು ಅಂತ ಮಡಚೋ ಮರಿಯಣ್ಣ, ಅಭ್ಯಾಸಬಲ, ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ಹಂಚಿಬಿಟ್ಟ. ಕರಡು ನೋಡಿದೋನು ನೀನು, ಬೈಗುಳ ನಿನಗೆ. ಎದ್ದು ಹೋದೆ. ಆಮೇಲೆ ಅಣ್ಣ ನಿನ್ನ ನೆನೆಸ್ಕೊಂಡು ಅಳ್ತಿದ್ರು... ಸುಳ್ಳು, ಅಳಲಿಲ್ಲ. ಆದ್ರೆ ಕರಡು ತಿದ್ದೋಕೆ ಬೇರೆ ಯಾರನ್ನೂ ಇಟ್ಕೊಳ್ಳಲಿಲ್ಲ. ಇದು ನಿಜ. ಪತ್ರಿಕೆ ತಪ್ಪು ತಪ್ಪಾಗೇ ಬರ್ತಿತ್ತು.

ಬರ್ತಾರೆ. ಕೈ ಹಿಡ್ಕೊಂಡು ಒಂದು ಮಾತಾಡು, ಸಾಕು.

ಯಾಕೆ ಹಾಗೆ ನೋಡ್ತೀಯ? ‘ಯಾವಾಗ ಬರ್ತಾರೆ’ ಅಂತನಾದ್ರೂ ಕೇಳು. ಬಂದಾಗಿಂದ ಅದೊಂದು ಕೇಳೇ ಇಲ್ಲ ನೀನು...

ಪ್ಯಾಂಟಿನ ಅಂಚಿಗೆ ಏನದು? ಮಣ್ಣು. ಹಸಿ ಮಣ್ಣು.

ಓ. ಅಲ್ಲಿಂದಲೇ ಬಂದ್ಯಾ.

ನಾನು ಹೋಗ್ಲಿಲ್ಲ ಕಣೋ. ಬೆಳಗ್ಗೆಯಿಂದ ಇಲ್ಲೇ, ಆ ಬಾಗಿಲು ನೋಡ್ಕೊಂಡು. ಮಹಾನಂದ ಅತ್ತಿಗೆ ಫೋನ್ ಮಾಡ್ತಾನೇ ಇದ್ರು, ಎತ್ತಲಿಲ್ಲ. ಅಳು ಬಂದಿದ್ರೆ ಹೋಗ್ತಿದ್ದೆ. ಬರ್ಲಿಲ್ಲ. ಏನೂ ಬರ್ತಿಲ್ಲ.

ಗುಂಡಿಯಲ್ಲಿ... ಅಣ್ಣನ್ನ ಸರಿಯಾಗಿ ಕೂರಿಸಿದ್ರಾ? ಬೆನ್ನು ನೋವು ಅವರಿಗೆ. ಮಣ್ಣು ಹಾಕಿದ್ಯಾ? ನನ್ನ ಹೆಸರಲ್ಲೂ ಒಂದು ಹಿಡಿ?

ಹಾಕಿದ್ಯಾ. ಸರಿ.

ನಡಿ, ಅತ್ತಿಗೆ ಮುಂದೆ ಹೋಗಿ ಕೂರೋಣ. ಟೀ ದುಡ್ಡು ನೀನೇ ಕೊಟ್ಬಿಡು ಗುರು. ತಮಾಷೆ ಅಲ್ಲ... ಕೈ ಜೇಬಿಗೆ ಹೋಗ್ತಿಲ್ಲ.